ಅಣ್ಣನ ಬಂಗಾರದ ಹಲ್ಲು

ನಮ್ಮ ಅಣ್ಣ ಸುಳ್ಳು ಹೇಳುವುದರಲ್ಲಿ ಶುದ್ಧ ದಡ್ಡ. ಸುಳ್ಳು ಬಾಯಿಗೆ ಬಂದರೆ ಸಾಕು, ಅವನ ನಾಲಿಗೆ ಎಡಗಡೆಯ ಕೋರೆಹಲ್ಲಿಗೆ ಹೋಗಿಬಿಡುತ್ತಿತ್ತು, ಮೇಲ್ದುಟಿ ಅಲ್ಲೊಂದು ಕಡೆ ಉಬ್ಬುತ್ತಿತ್ತು. ಹರೆಯದಲ್ಲಿ ಚಕ್ಕಡಿಯಿಂದ ಬಿದ್ದು ಮುರಿದುಕೊಂಡ ಆ ಹಲ್ಲಿಗೆ ಅಪ್ಪ ಬಂಗಾರದ ಕವಚ ಹಾಕಿಸಿದ್ದರು. ಅವ್ವ ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಳ್ಳುವ ಗೋಜಿಗೇ ಹೋಗದೆ ತುಟಿ ನೋಡುತ್ತಿದ್ದಳು. "ಈರಪ್ಪಾ, ಗೋಕಾಕಕ್ಕ ನಾಟಕ ನೋಡಾಕ ಹೋಗಿದ್ದಿ, ಹೌದಿಲ್ಲೋ?" ಅಣ್ಣ ನಕ್ಕುಬಿಡುತ್ತಿದ್ದ. ನಕ್ಕರೆ ಆ ಹಲ್ಲು ಇಡೀ ಪಡಸಾಲೆಗೆ ಕಾಣುತ್ತಿತ್ತು.

ಮೂಡಲಗಿಯ ಪೇಟೆಯಲ್ಲಿ ನಮ್ಮದು ಬೆಲ್ಲದ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅವ್ವನೇ ನಡೆಸುತ್ತಿದ್ದಳು. ಮುಂಬಯಿಯಲ್ಲಿದ್ದ ಸೋದರಮಾವ ಅಣ್ಣನನ್ನು ಕರೆಸಿಕೊಂಡು, ಅವ್ವನಿಗೆ ತಿಳಿಸದೆ, ವಿಮಾನ ಹಾರಿಸುವುದನ್ನು ಕಲಿಯಲು ಸೇರಿಸಿದ್ದ. ಅದನ್ನು ಮುಚ್ಚಿಡುವುದು ಅಣ್ಣನ ಕೈಲಿ ಆಗುವ ಮಾತೇ? ಬಂದವನೇ ಹೇಳಿಬಿಟ್ಟ. ಅವ್ವ, "ಹಾರಸಪಾ. ಉಣ್ಣಾಕ ಮಾತ್ರ ಕೆಳಗ ಇಳದ ಬಾ" ಎಂದಳು. ಕೆಲಸದ ಕರೆ ಬರುವ ತನಕ ಅಣ್ಣ ಅಂಗಡಿಯಲ್ಲಿ ಕೂತ. ಹಮಾಲರು ಪೆಂಟೆಯನ್ನು, ಅಂದರೆ ಬೆಲ್ಲದ ದೊಡ್ಡ ಅಚ್ಚನ್ನು, ದೊಪ್ಪನೆ ಹಾಕಿದರೆ ಎದ್ದುಬಂದು, "ಇಳಸೂದಂದ್ರ ಹಂಗಲ್ರಿ, ನೆಲಕ್ಕ ತಿಳೀಬಾರ್ದು" ಎಂದು ಪೆಂಟೆ ಎತ್ತಿ, ಓರೆಯಾಗಿ ತಂದು, ಮೆಲ್ಲಗೆ ಕೂರಿಸಿ ತೋರಿಸುತ್ತಿದ್ದ. ಅವರು ಬೇಕೆಂದೇ ಮತ್ತೆ ಮತ್ತೆ ಎತ್ತಿ ಹಾಕುತ್ತಿದ್ದರು.

ಕೊನೆಗೆ ವಿಮಾನದ ಕಂಪನಿ ಕರೆಯಿತು. ಬೇರೆಲ್ಲ ಪರೀಕ್ಷೆ ಮುಗಿದಿತ್ತು, ಹಲ್ಲಿನ ಎಕ್ಸ್‌ರೇ ಒಂದು ತಗೊಂಡು ಬಾ ಎಂದಿದ್ದರು. ಅಣ್ಣ ಘಟಪ್ರಭಾಕ್ಕೆ ಹೋಗಿ ತೆಗೆಸಿಕೊಂಡು ಬಂದ. ಅವ್ವನಿಗೆ ನಗುವೋ ನಗು.

"ಸಂತ್ಯಾಗ ಎತ್ತ ಕೊಳ್ಳಾವ್ರು ಬಾಯಿ ತಗಸಿ ಹಲ್ಲ ನೋಡ್ತಾರ. ನಿನ್ನ ವಯಸ್ಸಿನ ಮ್ಯಾಲೂ ಅವ್ರಿಗಿ ಅನುಮಾನೇನೋ?"

"ಹಂಗಲ್ಲವ್ವ. ಹುಳುಕ ಹಲ್ಲಿನ್ಯಾಗ ಗಾಳಿ ಸಿಕ್ಕೊಂಡಿರತೈತಿ. ಮ್ಯಾಲ ಹೋದಂಗ ಅದು ಹಿಗ್ಗತೈತಿ, ಹೊರಗ ಬರಾಕ ದಾರಿ ಇರೂದಿಲ್ಲ. ಜೀವ ಹೋಗೂವಷ್ಟ ನೋವು. ಆಗ ವಿಮಾನ ನಡಸಾಕ ಆಗತೈತೇನು?"

ತುಟಿ ಉಬ್ಬಲಿಲ್ಲ. ಅವ್ವ ಜೋಳ ಕೇರುತ್ತಲೇ ಕೇಳಿದಳು. "ಅಷ್ಟ ಏನು?"

"ಅಷ್ಟ."

ತುಟಿ ಉಬ್ಬಿತು. ಅವ್ವ ಮೊರ ಕೆಳಗಿಟ್ಟಳು. "ಖರೆ ಹೇಳು."

ಅಣ್ಣ ಎಕ್ಸ್‌ರೇಯನ್ನು ಅವಳ ಮುಂದಿಟ್ಟ. "ವಿಮಾನ ಬಿದ್ದು ಸುಟ್ಟರ ಯಾರು ಯಾರಂತ ತಿಳಿಯೂದಿಲ್ಲವ್ವ. ಹಲ್ಲನ್ನ ಈ ಫೋಟೋದ ಜೋಡಿ ಇಟ್ಟ ನೋಡಿ ಗುರ್ತ ಹಿಡೀತಾರ."

"ಕೊರಳಾಗ ಬೆಳ್ಳಿ ಲಿಂಗದಕಾಯಿ ಐತಲ್ಲ. ಅದನ್ನ ನೋಡಿ ಹಿಡೀಲಿ."

"ಬೆಂಕ್ಯಾಗ ಬೆಳ್ಳಿ ಕರಗತೈತ್ಯವ್ವ. ಹಲ್ಲ ಉಳೀತಾವ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು ಮಣ್ಣಿನಲ್ಲಿ ಕೂರಿಸುತ್ತೇವೆ. ಅಪ್ಪನನ್ನು ಹಾಗೆ ಕೂರಿಸಿದ್ದನ್ನು ಅವ್ವ ನೋಡಿದ್ದಳು. ಅವಳು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತುಟಿಯಿಲ್ಲದ ಹಲ್ಲಿನ ಸಾಲು, ಅದರಲ್ಲಿ ಬಂಗಾರದ ಹಲ್ಲೊಂದು ಸುಣ್ಣ ಬಳಿದಂತೆ ಬೆಳ್ಳಗೆ.

"ಹೋಗಬ್ಯಾಡ ಅನ್ನೂದಿಲ್ಲ ನಾ. ಇದಷ್ಟ ನನ್ನ ಹತ್ರ ಇರಲಿ" ಎಂದು ತನ್ನ ಪೆಟ್ಟಿಗೆಯಲ್ಲಿ, ಧಾರೆ ಸೀರೆಯ ಕೆಳಗೆ ಇಟ್ಟುಬಿಟ್ಟಳು. ಕೀಲಿ ಹಾಕಲಿಲ್ಲ. ಹಾಕಿದ್ದರೆ ಅಣ್ಣ ಒಡೆದು ತಗೊಂಡು ಹೋಗುತ್ತಿದ್ದನೇನೋ.

ಮರುದಿನ ಅಣ್ಣ ಇನ್ನೊಂದು ಎಕ್ಸ್‌ರೇ ತೆಗೆಸುತ್ತೇನೆಂದು ನನಗಷ್ಟೇ ಹೇಳಿ ಘಟಪ್ರಭಾದ ಬಸ್ಸು ಹತ್ತಿದ. ಸಂಜೆಯ ಬಸ್ಸಿಗೇ ವಾಪಸ್ಸು ಬಂದ. ಬರಿಗೈ.

"ಎಲ್ಲಿ ಹೋಗಿದ್ದ್ಯೋ?" ಅವ್ವ ಕೇಳಿದಳು.

"ದವಾಖಾನಿಗಿ. ಮಶೀನ ಕೆಟ್ಟೈತಂತ."

ತುಟಿ ಉಬ್ಬಿತು. ನಾನೂ ನೋಡಿದೆ, ಅವ್ವನೂ ನೋಡಿದಳು. ಬೇರೆ ದಿನವಾಗಿದ್ದರೆ ಬಿಡುತ್ತಿದ್ದಳೇ? ಆ ದಿನ ಮಾತ್ರ, "ಕೈಕಾಲ ತೊಳಕೊಂಡ ಬಾ, ರೊಟ್ಟಿ ಆರತಾವ" ಎಂದಳು. ಅಣ್ಣ ಉಂಡ. ನನಗೆ ಇಬ್ಬರ ಮೇಲೂ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು. ಬೈದಾದರೂ ಹೋಗು ಅನ್ನಬಾರದಿತ್ತೇ ಇವಳು, ಜಗಳಾಡಿಯಾದರೂ ಹೋಗಬಾರದಿತ್ತೇ ಇವನು?

ಆಮೇಲೆ ಅಂಗಡಿಯೇ ಆಯಿತು ಅವನಿಗೆ. ಮದುವೆಯಾಯಿತು, ಮಕ್ಕಳಾದವು. ಹಮಾಲರು ಪೆಂಟೆ ಎತ್ತಿ ಹಾಕಿದರೂ ಎದ್ದುಬರುತ್ತಿರಲಿಲ್ಲ. ಮೇಲೆ ವಿಮಾನದ ಸಪ್ಪಳ ಬಂದರೆ ಪೇಟೆಯ ಮಂದಿಯೆಲ್ಲ ಬೀದಿಗೆ ಬರುತ್ತಿದ್ದರು, ಇವನು ತಕ್ಕಡಿ ನೋಡುತ್ತ ಕೂತಿರುತ್ತಿದ್ದ. ನನ್ನನ್ನು ಹುಕ್ಕೇರಿಗೆ ಕೊಟ್ಟರು. ಅವ್ವ ತೀರಿಕೊಂಡಾಗ ಪೆಟ್ಟಿಗೆ ತೆರೆದರೆ ಫೋಟೋ ಹಾಗೇ ಇತ್ತು. ಅಣ್ಣ ಅದನ್ನು ಮುಟ್ಟಲಿಲ್ಲ. ಸ್ವಲ್ಪ ದಿನಕ್ಕೆ ಬಂಗಾರದ ಹಲ್ಲನ್ನು ಕೀಳಿಸಿಕೊಂಡ. ಕೇಳಿದರೆ, "ನೋಯಾಕತ್ತಿತ್ತು" ಎಂದ.

ನಾನು ಅವನನ್ನು ಕಡೆಯ ಬಾರಿ ನೋಡಿದ್ದು ಮೂಡಲಗಿಯ ಬಸ್‌ಸ್ಟ್ಯಾಂಡಿನಲ್ಲಿ. ಬಿಡಲು ಬಂದಿದ್ದ. ಬೆಲ್ಲದ ಗಂಟನ್ನು ಬಸ್ಸಿನ ಸೀಟಿನ ಮೇಲೆ ಸಪ್ಪಳವಾಗದಂತೆ ಇಟ್ಟ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಣ್ಣಾ, ಅವತ್ತ ಹೋಗಬೇಕಾಗಿತ್ತು ಅಂತ ಅನಸೂದಿಲ್ಲೇನು?"

"ಯಾವತ್ತ? ನಾ ಅದನ್ನೆಲ್ಲಾ ಯಾವಾಗೋ ಮರತೇನಿ ಗಂಗಾ" ಎಂದ.

ಹಲ್ಲಿಲ್ಲದ ಜಾಗದಲ್ಲಿ ತುಟಿ ಉಬ್ಬಿತು.

"ಮನಿಗಿ ಹೋಗಣ್ಣಾ," ಎಂದೆ. "ರೊಟ್ಟಿ ಆರತಾವ."