ತೋಮಾಸಾಳಿಗೆ ಬಿದ್ದ ಸದ್ದು

ಪಿನಾರ್ ದೆಲ್ ರಿಯೊ ಸೀಮೆಯ ಆ ಚುಟ್ಟಾ ಕಾರ್ಖಾನೆಯಲ್ಲಿ ನೂರಾ ಹತ್ತು ಜನ ಎಲೆ ಸುತ್ತುತ್ತಿದ್ದರು. ಒನೇಲಿಯಾ ಮಾತ್ರ ಎತ್ತರದ ಪೀಠದಲ್ಲಿ ಕೂತು, ಅವರ ಕೈ ದುಡಿಯುವಾಗ ಮೈಕಿನಲ್ಲಿ ಓದಿ ಹೇಳುತ್ತಿದ್ದಳು. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ. ಮೂವತ್ತೊಂದು ವರ್ಷಗಳಿಂದ ಅದೇ ಅವಳ ಕೆಲಸ. ಅವಳನ್ನು ಆರಿಸಿದ್ದು ಆಡಳಿತದವರಲ್ಲ, ಕೈಯೆತ್ತಿ ಓಟು ಹಾಕಿದ ಕೆಲಸಗಾರರು.

ಆ ವರ್ಷ ತೋಮಾಸಾಳ ಕಥೆ ನಡೆದಿತ್ತು. ಆ ಕೆಲಸಗಾರರ ಅಜ್ಜಂದಿರೂ ಅದೇ ಸಾಲುಗಳಲ್ಲಿ ಕೂತು ಕೇಳಿದ್ದ ಹಳೆಯ ಕಾದಂಬರಿ ಅದು. ಸಕ್ಕರೆ ತೋಟದ ಗುಲಾಮಳೊಬ್ಬಳು ತನ್ನ ಧಣಿಯ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ಕಥೆ.

ಒಂದು ಮಂಗಳವಾರ ಹವಾನಾದಿಂದ ಲೆಯಾಂದ್ರೊ ಎಂಬ ಪ್ರಚಾರದವನು ಬಂದ. ಆ ಕಾದಂಬರಿ ಸಿನಿಮಾ ಆಗಿತ್ತು. ಅದರ ಟ್ರೇಲರ್ ನೋಡಿ ಕೆಲಸಗಾರರು ಮೆಚ್ಚುವುದನ್ನು ಚಿತ್ರೀಕರಿಸಿಕೊಳ್ಳಬೇಕೆಂಬುದು ಅವನ ಆಸೆ. ಗೋಡೆಗೆ ಬಿಳಿ ಬಟ್ಟೆ ಕಟ್ಟಿದರು.

ಬಟ್ಟೆಯ ಮೇಲೆ ಸಮುದ್ರ ಬಂತು, ಕುದುರೆಗಳು ಬಂದವು. ಕೊನೆಗೆ ಮಳೆಯಲ್ಲಿ ನೆನೆಯುತ್ತ ತೋಮಾಸಾ ಧಣಿಯ ಎದೆಗೊರಗಿದಳು. ‘ದ್ವೇಷವನ್ನು ಗೆದ್ದ ಪ್ರೀತಿ’ ಎಂಬ ಅಕ್ಷರ ಮೂಡಿತು.

ಆ ಕಾರ್ಖಾನೆಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಮೆಚ್ಚಿದರೆ ಎಲೆ ಕತ್ತರಿಸುವ ಬಿಲ್ಲೆಗತ್ತಿಯಿಂದ ಹಲಗೆ ಕುಟ್ಟುತ್ತಾರೆ. ಅಂದು ಒಂದೂ ಕತ್ತಿ ಏಳಲಿಲ್ಲ.

ಮೊದಲ ಸಾಲಿನ ಮುದುಕ ಎವಾರಿಸ್ತೊ ಕೇಳಿದ: “ಆ ಹುಡುಗಿ ಯಾರಪ್ಪಾ?”

“ತೋಮಾಸಾನೇ ತಾತ,” ಎಂದ ಲೆಯಾಂದ್ರೊ.

“ಬೆನ್ನ ಮೇಲಿನ ಬಾಸುಂಡೆ ಎಲ್ಲೋಯ್ತು? ಮಳೇಲಿ ತೊಳ್ಕೊಂಡು ಹೋಯ್ತಾ?”

ಸಾಲುಗಳಲ್ಲಿ ನಗು ಹರಿಯಿತು. ಲೆಯಾಂದ್ರೊ ಒನೇಲಿಯಾಳ ಪೀಠದ ಬಳಿ ಬಂದು ದನಿ ತಗ್ಗಿಸಿದ. “ಅಕ್ಕಾ, ನೀವೊಂದು ಮಾತು ಹೇಳಿ, ಕುಟ್ತಾರೆ. ಕಾಲಕ್ಕೆ ತಕ್ಕ ಹಾಗೆ ಒಂಚೂರು ಬದಲಾಯಿಸಿದೀವಿ, ಅಷ್ಟೇ.”

“ಕಾಲಕ್ಕಲ್ಲ ತಮ್ಮಾ, ಧಣಿಗೆ ತಕ್ಕ ಹಾಗೆ,” ಎಂದಳು ಒನೇಲಿಯಾ.

ಇನ್ನೂ ಎರಡು ವಾರದ ನಂತರ ಓದಬೇಕಿದ್ದ ಸಾಕ್ಷಿಯ ಅಧ್ಯಾಯವನ್ನು ಅವಳು ಆಗಲೇ ತೆರೆದಳು. ನಾಲ್ಕು ಸಾಲು ಓದುವಷ್ಟರಲ್ಲಿ ಮೇಲ್ವಿಚಾರಕ ಮೈಕು ಆರಿಸಿದ. ಅವಳು ಪುಸ್ತಕ ಹಿಡಿದು ಕೆಳಗಿಳಿದಳು. ಮೇಜುಗಳ ನಡುವೆ ನಡೆಯುತ್ತ, ಗಂಟಲು ಹರಿಯುವಂತೆ ಓದಿದಳು. ಹಿಂದಿನ ಸಾಲಿನವರು ಕೈಕೆಲಸ ನಿಲ್ಲಿಸಿ ಕಿವಿಗೊಟ್ಟರು. ಧಣಿಯ ಕಣ್ಣಲ್ಲಿ ಕಣ್ಣಿಟ್ಟು ತೋಮಾಸಾ ಮಾತು ಮುಗಿಸಿದಾಗ ನೂರಾ ಹತ್ತು ಕತ್ತಿಗಳು ಹಲಗೆಯ ಮೇಲೆ ಬಿದ್ದವು. ಕಿಟಕಿಗಳು ಅದುರಿದವು.

ಕ್ಯಾಮೆರಾ ಓಡುತ್ತಲೇ ಇತ್ತು. ಲೆಯಾಂದ್ರೊನ ಮುಖ ಅರಳಿತು. “ಸದ್ದು ಸಿಕ್ತು. ಟ್ರೇಲರಿಗೆ ಇದನ್ನೇ ಹಾಕ್ತೀವಿ.”

“ಇದು ತೋಮಾಸಾಗೆ ಬಿದ್ದ ಸದ್ದು, ನಿಮಗಲ್ಲ. ಅಳಿಸಿ,” ಎಂದಳು ಒನೇಲಿಯಾ.

ಅವನು ನಕ್ಕು ಬಾಗಿಲತ್ತ ತಿರುಗಿದ. ಎವಾರಿಸ್ತೊ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತಿದ್ದ, ನಿಧಾನವಾಗಿ ಚುಟ್ಟಾ ಹಚ್ಚಿಕೊಳ್ಳುತ್ತ. ಕೊನೆಗೆ ಲೆಯಾಂದ್ರೊ ಒನೇಲಿಯಾಳ ಕಣ್ಣೆದುರೇ ಅದನ್ನು ಅಳಿಸಿದ.

ಮರುದಿನ ಮೇಲ್ವಿಚಾರಕ ಅವಳನ್ನು ಓದಿನಿಂದ ತೆಗೆದ. ಶುಕ್ರವಾರ ಕೆಲಸಗಾರರು ಮತ್ತೆ ಓಟು ಹಾಕಿದರು, ಕೈಯೆತ್ತದವರು ಇಬ್ಬರೇ. ಸೋಮವಾರ ಅವಳು ಪೀಠ ಹತ್ತಿದಳು.

ಡಿಸೆಂಬರಿನಲ್ಲಿ ಸಿನಿಮಾ ಊರಿಗೆ ಬಂತು. ಒನೇಲಿಯಾ ಹೋಗಿ ಪೂರ್ತಿ ನೋಡಿ ಬಂದಳು.

“ಹೆಂಗಿತ್ತಕ್ಕಾ?” ಎಂದು ಎವಾರಿಸ್ತೊ ಕೇಳಿದ.

“ಸಮುದ್ರ ಚೆನ್ನಾಗಿತ್ತು,” ಎಂದು ಅವಳು ಅಂದಿನ ಪತ್ರಿಕೆ ಬಿಡಿಸಿದಳು.