ಬೇಲಿಯ ಬಿಳಿ ಹೂ

ಸರೋಜಕ್ಕನ ಜೊತೆ ವಾಕಿಂಗ್ ಹೊರಟರೆ ನಮ್ಮಿಬ್ಬರ ನಡುವೆ ಒಂದು ಕೊಡೆ ಇರಲೇಬೇಕು. ಮಳೆಗಲ್ಲ, ಅಳತೆಗೆ. ಮಡಚಿದ ಉದ್ದ ಕೊಡೆಯನ್ನು ನನ್ನ ಕಡೆ ಚಾಚಿ, "ಇದರ ತುದಿಗಿಂತ ಹತ್ರ ಬಂದ್ರೆ ಚುಚ್ತೀನಿ ನೋಡು" ಅನ್ನುತ್ತಿದ್ದರು. ಹಾಸನದ ಕಡೆಯವರು, ಇಲ್ಲಿ ಐರ್ಲೆಂಡಿನ ಸ್ಲೈಗೋದಲ್ಲಿ ನರ್ಸ್. ಆ ಕೊರೋನಾ ವಸಂತದಲ್ಲಿ ವಾರ್ಡಿನಲ್ಲಿ ಏನೇನು ನೋಡುತ್ತಿದ್ದರೋ, ಒಂದು ದಿನವೂ ಬಾಯಿಬಿಡಲಿಲ್ಲ. ನಾನು ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೊಳೆಯುತ್ತಿದ್ದವಳು. ಎರಡು ಮನೆಯಾಚೆಯಿಂದ ಬಂದು, ಬಾಗಿಲು ಬಡಿದು, ನನ್ನನ್ನು ಹೊರಡಿಸುತ್ತಿದ್ದವರು ಅವರೇ.

ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಅಷ್ಟರಲ್ಲೇ ನಮಗೊಂದು ಗುಡ್ಡ, ಒಂದು ತುಂಡು ಸಮುದ್ರ ಸಿಕ್ಕಿತ್ತು. ಗುಡ್ಡದ ತುಂಬ ಮುಳ್ಳುಗಿಡದ ಹಳದಿ ಹೂ. ಬಿಸಿಲು ಬಿದ್ದರೆ ಥೇಟ್ ಕೊಬ್ಬರಿ ವಾಸನೆ. "ಯಾರ ಮನೇಲೋ ಕಾಯಿ ತುರೀತಾವ್ರೆ ಕಣೇ" ಎಂದು ಸರೋಜಕ್ಕ ಮೂಗರಳಿಸಿ ನಿಂತುಬಿಡುತ್ತಿದ್ದರು. ಇಲ್ಲಿನ ಕುಕ್ಕೂ ಹಕ್ಕಿಯನ್ನು ಮಾತ್ರ ಮೆಚ್ಚುತ್ತಿರಲಿಲ್ಲ. "ಇದೇನು, ಗಡಿಯಾರ ಹೊಡ್ದಂಗೆ. ನಮ್ ಕೋಗಿಲೆಗಾದ್ರೆ ಒಂದು ರಾಗ ಐತೆ." ಕಡಲಂಚಿನ ಬಂಡೆಗಳ ಮೇಲೆ ಗುಲಾಬಿ ಬಣ್ಣದ ಪುಟ್ಟ ಹೂಗಳು ಗುಂಪುಗುಂಪಾಗಿ ಅರಳಿದ ದಿನ ಅಲ್ಲೇ ಕೂತುಬಿಟ್ಟರು. ಕೊನೆಗೆ ಕಣ್ಣು ಒರೆಸಿಕೊಂಡು, "ನಡಿ, ಡ್ಯೂಟಿ ಐತೆ" ಅಂದರು.

ಮೇ ತಿಂಗಳಲ್ಲಿ ಬೇಲಿಗಿಡಗಳೆಲ್ಲ ಹೂಬಿಟ್ಟು ಬೆಳ್ಳಗಾದವು. ವೈಟ್‌ಥಾರ್ನ್ ಅನ್ನುತ್ತಾರೆ ಇಲ್ಲಿ. ಸರೋಜಕ್ಕನ ಶುಕ್ರವಾರದ ಪೂಜೆಗೆ ಪ್ಲಾಸ್ಟಿಕ್ ಸುತ್ತಿದ ಅಂಗಡಿ ಹೂವೇ ಗತಿಯಾಗಿತ್ತಲ್ಲ, ನಾನು ಜಂಬದಿಂದ ಎದುರಿನ ಬೇಲಿಯ ಒಂದು ಕೊಂಬೆ ಮುರಿದು ಅವರ ಬಾಗಿಲಲ್ಲಿಟ್ಟೆ. ಅವರು ಗೌರಿ ಫೋಟೋಗೆ ಏರಿಸಿದರು. ಸಂಜೆ ಪಕ್ಕದ ಮನೆಯ ಮೇರಿ ಅಜ್ಜಿ ಕಿಟಕಿಯಲ್ಲಿ ಅದನ್ನು ಕಂಡು ಬೆಚ್ಚಿಬಿದ್ದರು. "ಅದನ್ನ ಒಳಗೆ ತರಬಾರದು ಲವ್, ಹಿಂದೇನೇ ಸಾವು ಬರುತ್ತೆ."

ಸರೋಜಕ್ಕ ನಗಲೂ ಇಲ್ಲ, ಹೆದರಲೂ ಇಲ್ಲ. "ನಾಗರಕಟ್ಟೆ ಮರಕ್ಕೆ ನಾವು ಕೊಡ್ಲಿ ಹಾಕ್ತೀವಾ? ಇವರಿಗೆ ಇದು ಹಂಗೆ" ಎಂದು ಕೊಂಬೆಯನ್ನು ಹೊರಗೆ ಕಾಂಪೌಂಡಿನ ಮೇಲಿಟ್ಟರು. ಗೌರಿಯನ್ನು ಕಿಟಕಿಯ ಕಡೆ ತಿರುಗಿಸಿದರು. "ಹೂ ಒಳಕ್ ಬರ್ದಿದ್ರೆ ಏನಂತೆ, ಅಮ್ಮ ಇಲ್ಲಿಂದ್ಲೇ ನೋಡ್ತಾಳೆ." ಆಮೇಲೂ ಫೋಟೋ ಹಾಗೇ ಉಳಿಯಿತು.

ಜನವರಿಯಲ್ಲಿ ಕಾಯಿಲೆ ಅವರಿಗೇ ಬಂತು. ಆಂಬುಲೆನ್ಸ್ ಹತ್ತುವಾಗ, ಗೇಟಿನ ಬಳಿ ನಿಂತಿದ್ದ ನನ್ನ ಕಡೆ ಕೊಡೆ ಚಾಚಿದಂತೆ ಕೈ ಚಾಚಿ, ದೂರ ನಿಲ್ಲು ಅಂತ ಸನ್ನೆ ಮಾಡಿದರು. ಅದೇ ಕೊನೆ. ಹನ್ನೊಂದನೇ ದಿನ ಹೋಗಿಬಿಟ್ಟರು. ಶವದ ಗಾಡಿ ನಮ್ಮ ಬೀದಿಯಲ್ಲಿ ನಿಧಾನವಾಗಿ ಹಾದಾಗ ಎಲ್ಲರೂ ಅವರವರ ಗೇಟಿನಲ್ಲಿ ನಿಂತಿದ್ದೆವು. ಎಂಟು ತಿಂಗಳ ಹಿಂದಿನ ಕೊಂಬೆ ಯಾರನ್ನೂ ಕೊಲ್ಲುವುದಿಲ್ಲ, ಅಷ್ಟು ಬುದ್ಧಿ ನನಗೂ ಇದೆ. ಆದರೆ ಮುರಿದ ಕೈ ನನ್ನದು. ಮೇರಿ ಅಜ್ಜಿಯ ಮುಖ ನೋಡಲಾಗಲಿಲ್ಲ.

ಮತ್ತೆ ಮೇ ಬಂತು. ಸರೋಜಕ್ಕನ ಯಜಮಾನರನ್ನು ನಾನು ಭಾವ ಅಂತಲೇ ಕರೆಯುವುದು. ಒಂದು ಶುಕ್ರವಾರ ಬಾ ಅಂದರು. ಗೌರಿ ಇನ್ನೂ ಕಿಟಕಿಗೇ ಮುಖ ಮಾಡಿ ಕೂತಿದ್ದಳು.

"ಆ ಬಿಳಿ ಹೂವಿನ ಕೊಂಬೆ ಒಂದು ತಂದು ಕಾಂಪೌಂಡ್ ಮೇಲೆ ಇಡ್ತೀಯೇನಮ್ಮ? ಸರೋಜಂಗೆ ಇಷ್ಟ."

"ಇನ್ನೂ ಅರಳಿಲ್ಲ ಭಾವ" ಅಂದೆ.

ಅವರು ಕಿಟಕಿಯಾಚೆ ನೋಡಿದರು. ಎದುರಿನ ಬೇಲಿ ಉದ್ದಕ್ಕೂ ಬೆಳ್ಳಗಿತ್ತು.

"ಆಗಲಮ್ಮ" ಅಂದರು. "ಅರಳಿದಾಗ ಹೇಳು."