ಕೂಡಾವಳಿಯ ಪರವಾಗಿ ಒಂದು ಭಾಷಣ

ನಿನ್ನೆ ಪಕ್ಕದ ಮನೆಯವರು ಸೊಳ್ಳೆ ಓಡಿಸಲೆಂದು ಕೆಂಡದ ಮೇಲೆ ಕಿತ್ತಳೆ ಸಿಪ್ಪೆ ಹಾಕಿದ್ದರು. ಆ ಸುಟ್ಟ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ಮೇಲ್ಮನೆಯ ಅಜ್ಜ ನೆನಪಾದರು. ನಮ್ಮ ಮನೆಗಿಂತ ಮೇಲೆ, ಗುಡ್ಡದ ಬದಿಯಲ್ಲಿ ಅವರ ಮನೆ. ಹಾಗಾಗಿ ಆ ಹೆಸರು. ಸಂಬಂಧದಲ್ಲಿ ಅವರು ನಮಗೇನೂ ಆಗಬೇಕಿರಲಿಲ್ಲ. ಸಂಜೆಯಾದರೆ ಒಲೆಗೆ ಸಿಪ್ಪೆ ಎಸೆಯುತ್ತ, ಸರ್ಕಾರವನ್ನು ಬೈಯುತ್ತ ಕೂರುತ್ತಿದ್ದರು. ಯಾವ ಸರ್ಕಾರವನ್ನು ಎಂದರೆ, ಇರುವುದನ್ನೂ ಬರಲಿರುವುದನ್ನೂ.

ಕೊಡಗು ಆಗ ತನ್ನಷ್ಟಕ್ಕೆ ಒಂದು ರಾಜ್ಯ. ಮೈಸೂರಿನೊಡನೆ ಸೇರಬೇಕೋ ಬೇಡವೋ ಎಂಬ ಜಗಳ ಮನೆಮನೆಯಲ್ಲೂ ಇತ್ತು. ನನ್ನ ಅಪ್ಪ ಸೇರಬೇಕೆನ್ನುವವರು. ಖಾದಿ ಉಡುತ್ತಿದ್ದರು, ಮಗಳಾದ ನನ್ನನ್ನು ಮೈಸೂರಿಗೆ ಬಿ.ಎ. ಓದಲು ಕಳಿಸಿದ್ದರು. ಅಜ್ಜ ಬೇಡವೆನ್ನುವವರು. "ಮೈಸೂರ್‌ಲಿ ಕಾಫಿಗೆ ಚಿಕೋರಿ ಹಾಕುದು ಗಡ. ಅಂಥವರೊಟ್ಟಿಗೆ ಕೂಡುದಾ?" ಇದು ಅವರ ಮುಖ್ಯ ವಾದ, ನನಗೆ ನೆನಪಿರುವ ಮಟ್ಟಿಗೆ ಇದ್ದದ್ದು ಅದೊಂದೇ ವಾದ.

ರಜೆಗೆ ಬಂದಾಗಲೆಲ್ಲ ಅವರನ್ನು ಯಾವ ಪಂಗಡಕ್ಕೆ ಸೇರಿಸುವುದೆಂದು ನಾನು ತಲೆ ಕೆಡಿಸಿಕೊಳ್ಳುತ್ತಿದ್ದೆ. ನನ್ನ ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಪ್ರಗತಿಪರರು, ಸಂಪ್ರದಾಯಸ್ಥರು ಎಂದು ಎರಡೇ ಗೂಡುಗಳಿದ್ದವು. ಅಜ್ಜ ಒಂದರಲ್ಲೂ ಕೂರುತ್ತಿರಲಿಲ್ಲ. ಹೆಣ್ಣುಮಕ್ಕಳು ಕಾಲೇಜು ಮುಗಿಸಲೇಬೇಕು, ಆದರೆ ಸೈಕಲ್ ಹತ್ತಬಾರದು. ಎಸ್ಟೇಟಿನ ಲೈನುಮನೆಗಳಲ್ಲಿರುವ ಆಳುಗಳಿಗೆ ಕೂಲಿ ಹೆಚ್ಚಿಸಬೇಕೆಂದು ತೋಟದ ದೊರೆಗಳ ಹತ್ತಿರವೇ ಜಗಳಕ್ಕೆ ಹೋಗುತ್ತಿದ್ದರು. ಅದೇ ಆಳುಗಳಿಗೆ ಓಟು ಕೊಟ್ಟದ್ದು ಮಾತ್ರ ದೇಶ ಹಾಳಾಗುವ ಲಕ್ಷಣ. ಇದನ್ನೆಲ್ಲ ಅವರು ಹೀಗೆಯೇ ಹೇಳಿದ್ದರೋ, ಇಷ್ಟು ವರ್ಷ ಹೇಳಿ ಹೇಳಿ ನಾನೇ ಚೆಂದ ಮಾಡಿದೆನೋ… ಸೈಕಲ್ಲಿನ ಮಾತಂತೂ ನಿಜ. ಅದನ್ನು ಹೇಳಿದ್ದು ನನಗೇ.

ಆ ವರ್ಷ ನಮ್ಮ ಮನೆಯಲ್ಲಿ ಬೇರೊಂದು ಚಿಂತೆಯಿತ್ತು. ಅಪ್ಪನ ತಂಗಿ, ನನ್ನ ಅತ್ತೆ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮಲ್ಲಿದ್ದರು. ಮಾದಾಪುರದ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರೊಬ್ಬರು ಅವರನ್ನು ಮದುವೆಯಾಗುತ್ತೇನೆಂದು ಹೇಳಿ ಕಳಿಸಿದ್ದರು. ಅತ್ತೆಗೂ ಮನಸ್ಸಿತ್ತು. ವಿಧವೆಯರ ಮರುಮದುವೆಗೆ ನಮ್ಮಲ್ಲಿ ಹಿಂದಿನಿಂದಲೂ ಕೂಡಾವಳಿ ಎಂಬ ಪದ್ಧತಿಯೇ ಇದೆ. ಆದರೆ ಅಪ್ಪ ಒಪ್ಪಲಿಲ್ಲ. ಮೈಸೂರಿನ ದೊಡ್ಡ ಮನೆಗಳಲ್ಲಿ ಅದೆಲ್ಲ ನಡೆಯುವುದಿಲ್ಲ, ನಾಳೆ ಅವರೊಡನೆ ಒಂದಾಗುವ ನಾವು ಈಗಲೇ ಮರ್ಯಾದೆ ಕಲಿಯಬೇಕು ಎಂಬುದು ಅವರ ನಿಲುವು. ಹಳೆಯದೆಲ್ಲ ಸರಿ ಎನ್ನುವ ಅಜ್ಜನಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಅವ್ವನದೇ ಕೂಡಾವಳಿ. ಅದ್ ಇಲ್ಲದಿದ್ರೆ ನಾನೇ ಇಲ್ಲೆ. ಹೇಳ್ ನಿನ್ನ ಮೈಸೂರಿನವರಿಗೆ," ಎಂದು ಅಪ್ಪನಿಗೆ ಹೇಳಿ, ಮುಂದಿಟ್ಟ ಕಾಫಿ ಕುಡಿಯದೆ ಎದ್ದುಹೋದರು. ಅಜ್ಜ ಕಾಫಿ ಬಿಟ್ಟುಹೋದರೆಂದು ಅಮ್ಮ ಎರಡು ದಿನ ಅದನ್ನೇ ಹೇಳಿಕೊಂಡು ತಿರುಗಿದರು.

ಆಮೇಲೆ ಕೆಲವೇ ದಿನಕ್ಕೆ ಶಾಲೆಯ ಜಗಲಿಯಲ್ಲಿ ವಿಲೀನದ ಪರವಾಗಿ ಸಭೆ ನಡೆಯಿತು. ಅಪ್ಪನೇ ಅಧ್ಯಕ್ಷರು. ಮೈಸೂರಿನಿಂದ ಒಬ್ಬರು ಭಾಷಣಕ್ಕೆ ಬಂದಿದ್ದರು. ಅವರಿಗೆ ನೀರು ಕೊಡಲು ನಾನು ಅಪ್ಪನ ಪಕ್ಕದಲ್ಲಿ ನಿಂತಿದ್ದೆ. ಅಜ್ಜ ಕರಿ ಕೋಟು ಹಾಕಿಕೊಂಡು ಬಂದು ಮುಂದಿನ ಬೆಂಚಿನಲ್ಲೇ ಕೂತರು. ಗಲಾಟೆಯಾಗುತ್ತದೆಂದು ಎಲ್ಲರೂ ಕಾದರು. ಭಾಷಣ ಮುಗಿದದ್ದೇ ಅಜ್ಜ ಎದ್ದು, ಹೊರಗಿನವರಿಗೂ ಅರ್ಥವಾಗಲೆಂದು ಪುಸ್ತಕದ ಕನ್ನಡದಲ್ಲೇ ಹೇಳಿದರು: "ಕೂಡಾವಳಿ ಆಗಲೇಬೇಕು. ತಡ ಮಾಡಬಾರದು."

ಮೈಸೂರಿನವರು ಅದನ್ನು ವಿಲೀನಕ್ಕೆ ಇಲ್ಲಿಯವರು ಹೇಳುವ ಶಬ್ದವೆಂದೇ ತಿಳಿದರು. ಹಿರಿಯರ ಬಾಯಲ್ಲಿ ಎಂಥ ಅಚ್ಚಗನ್ನಡ ಎಂದು ಚಪ್ಪಾಳೆ ತಟ್ಟಿ, ಕೂಡಾವಳಿಗೆ ಒಪ್ಪುವವರೆಲ್ಲ ಕೈ ಎತ್ತಿ ಎಂದರು. ಹಿಂದಿನ ಬೆಂಚಿನ ಕೆಲವರು ಬಾಯಿಗೆ ಟವೆಲ್ ಒತ್ತಿಕೊಂಡರು. ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಅಪ್ಪ.

"ಅಧ್ಯಕ್ಷರೇ ಒಪ್ಪಿದ್ರಲ್ಲ," ಎಂದು ಅಜ್ಜ ಸಭೆಯತ್ತ ತಿರುಗಿದರು. "ಗಂಡು ಮಾದಾಪುರದವ. ಹೆಣ್ಣು ಅಧ್ಯಕ್ಷರ ತಂಗಿ."

ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಯಾರೋ ವಿಷಯ ಬಿಡಿಸಿ ಹೇಳಿದ ಮೇಲೆ ಅತಿಥಿಗಳು ಇನ್ನಷ್ಟು ಹಿಗ್ಗಿದರು. ಇಂಥ ಸುಧಾರಕರು ಮೈಸೂರಿಗೂ ಬೇಕು ಎಂದು ತಮ್ಮ ಕೊರಳಿನ ಹಾರ ತೆಗೆದು ಅಪ್ಪನಿಗೆ ಹಾಕಿಯೇಬಿಟ್ಟರು. ಹಾರ ಹಾಕಿಸಿಕೊಂಡ ಮನುಷ್ಯ ಇನ್ನು ಇಲ್ಲವೆನ್ನುವುದು ಹೇಗೆ?

ನಾನು ಮನೆಗೆ ಓಡಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ನಾನು ಹೇಳುತ್ತಿರುವಾಗಲೂ ತಲೆ ಎತ್ತಲಿಲ್ಲ.

"ಅಣ್ಣ ಕೈ ಎತ್ತಿದನಾ?"

"ಎತ್ತಿದ್ರು."

"ಎಷ್ಟು ಎತ್ತರಕ್ಕೆ?"

ನಾನು ಎತ್ತಿ ತೋರಿಸಿದೆ. ಆಗ ಮೊರ ಕೆಳಗಿಟ್ಟರು.

ಆ ದಿನದ ನನ್ನ ಡೈರಿಯಲ್ಲಿ ಸಭೆಯ ಬಗ್ಗೆ ಒಂದಕ್ಷರವಿಲ್ಲ. ಹಲಸಿನಕಾಯಿ ಪಲ್ಯ ಚೆನ್ನಾಗಿತ್ತು ಎಂದಿದೆ.

ಮಳೆ ಹಿಡಿಯುವ ಮುಂಚೆ ಕೂಡಾವಳಿ ನಡೆಯಿತು. ಅಜ್ಜ ಊಟ ಮುಗಿಸಿ ಕೈ ತೊಳೆದದ್ದೇ, ವಿಲೀನದ ವಿರುದ್ಧ ಮಾತಾಡಲು ಹುದಿಕೇರಿ ಕಡೆಯ ಬಸ್ಸು ಹಿಡಿದರು. ಕೊನೆಗೆ ಕೊಡಗು ಮೈಸೂರಿಗೆ ಸೇರಿತು. ಅದಾದ ಮೇಲೆ ಅಜ್ಜ ಹೆಚ್ಚು ಕಾಲ ಬದುಕಲಿಲ್ಲ. ಇರುವವರೆಗೂ ಕಾಗದದ ಮೇಲೆ ತಮ್ಮ ವಿಳಾಸಕ್ಕೆ ಕೊಡಗು ರಾಜ್ಯವೆಂದೇ ಬರೆಸುತ್ತಿದ್ದರು. ಟಪಾಲಿನವನೂ ತಂದುಕೊಡುತ್ತಿದ್ದ.

ಅಪ್ಪನನ್ನು ಅಜ್ಜ ಒಂದೇ ಶಬ್ದದಲ್ಲಿ ಕೆಡವಿದ ಕಥೆಯೆಂದು ಇದನ್ನು ಎಷ್ಟೋ ಕಡೆ ಹೇಳಿ ನಗಿಸಿದ್ದೇನೆ. ಹೋದ ವರ್ಷ ಹಾಸಿಗೆ ಹಿಡಿದಿದ್ದ ಅತ್ತೆಗೂ ಹೇಳಿದೆ. ಅವರು ಚೆನ್ನಾಗಿ ನಕ್ಕು, ಉಸಿರು ತಂದುಕೊಂಡು ಕೇಳಿದರು: "ಅಲ್ಲ ಕಣೆ, ನಿನ್ನಪ್ಪಂಗೆ ಕೂಡಾವಳಿ ಅಂದ್ರೆ ಎಂಥ ಅಂತ ಗೊತ್ತಿರ್ಲಿಲ್ವಾ?"

ಗೊತ್ತಿಲ್ಲದೆ ಏನು? ಆ ಜಗಲಿಯಲ್ಲಿ ಆ ಶಬ್ದ ತಿಳಿಯದಿದ್ದವರು ಅತಿಥಿಯೊಬ್ಬರೇ. ಒಪ್ಪಿಕೊಳ್ಳಲು ಒಂದು ನೆಪಕ್ಕಾಗಿ ಅಪ್ಪ ಕಾದಿದ್ದರೋ, ಅದು ಅಜ್ಜನಿಗೆ ಗೊತ್ತಾಗಿತ್ತೋ… ಅವರಿಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ಈ ಮಳೆಗಾಲದಲ್ಲಿ ಅತ್ತೆಯೂ ಹೋದರು. ಇನ್ನು ಉಳಿದಿರುವ ಸಾಕ್ಷಿ ನಾನೊಬ್ಬಳೇ. ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ಎತ್ತಿದ ಕೈ ನೋಡಿದೆ, ಮುಖ ನೋಡಲಿಲ್ಲ.